ದೆವ್ವದ ಹೆಸರಲ್ಲಿ ಕೇಸು ಮುಚ್ಚುವವರು

ಇಲ್ಲಿ ಏನಾದರೂ ಬರೆದು ಬಹಳ ದಿನ ಆಗಿತ್ತು. ಆಫೀಸು, ಡೆಡ್‌ಲೈನು ಅಂತ ನೆವ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯಲೇಬೇಕು ಅನ್ನುವಷ್ಟು ಸಿಟ್ಟು ಬಂದಿರಲಿಲ್ಲ. ಈಗ ಬಂದಿದೆ. ಓದುವ ಕರ್ಮ ನಿಮ್ಮದು :-)

ಆಗಿದ್ದಿಷ್ಟು. 2025ರ ನವೆಂಬರ್ 27, ಬೆಳಿಗ್ಗೆ ಆರೂವರೆ. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಹತ್ತು ಗಂಟೆಗೆ ಮೊದಲು ಕಣ್ಣು ಬಿಡದ ಮೂರು ಪ್ರಾಣಿಗಳು ಸ್ನಾನ ಕೂಡ ಮಾಡದೆ ಟೀವಿ ಮುಂದೆ ಕೂತಿದ್ದವು. 'ಸ್ಟ್ರೇಂಜರ್ ಥಿಂಗ್ಸ್' ಕೊನೆಯ ಸೀಸನ್ ಬರುವ ಹೊತ್ತು. ಜಗತ್ತೆಲ್ಲ ಒಟ್ಟಿಗೆ ಮುಗಿಬಿದ್ದಿದ್ದಕ್ಕೆ ನೆಟ್‌ಫ್ಲಿಕ್ಸ್ ಸ್ವಲ್ಪ ಹೊತ್ತು ಮಕಾಡೆ ಮಲಗಿಬಿಟ್ಟಿತು. ಅದು ಎದ್ದ ಮೇಲೆ ಶುರುವಾಯ್ತು ನೋಡಿ, ಮೊದಲ ದೃಶ್ಯವೇ 1983ಕ್ಕೆ ಹೋಯಿತು. 2016ರಲ್ಲಿ ಬಂದ ಮೊದಲ ಸೀಸನ್ನಿನಲ್ಲಿ ವಿಲ್ ಅನ್ನೋ ಹುಡುಗ ಕಾಣೆಯಾದನಲ್ಲ, ಅವನಿಗೆ ಆವತ್ತು ಏನಾಯಿತು ಅನ್ನುವಲ್ಲಿಗೆ. ಒಂಬತ್ತು ವರ್ಷ ಆದ ಮೇಲೂ ಇವರು ಮೊದಲನೇ ಪ್ರಶ್ನೆ ಮರೆತಿಲ್ಲವಲ್ಲ ಅನ್ನಿಸಿ ಖುಷಿಯಾಯ್ತು.

ಪಕ್ಕದಲ್ಲಿ ಕೂತಿದ್ದ ಗೆಳೆಯ ಕೇಳಿದ, "ನಿಮ್ಮ ಊರ ಕಡೆ ಹಿಂಗೆ ಕಾದು ಕೂತು ನೋಡಿದ ಸೀರಿಯಲ್ಲು ಯಾವುದಾದರೂ ಇದೆಯೇನೋ?"

ಇದೆ. ಅದು ಕನ್ನಡದ್ದಲ್ಲ. ಅದರ ಕೊನೆಯ ಸೀಸನ್ನಿನ ಮೊದಲ ರಾತ್ರಿ ನೆನಪಾಗಿ ಆವತ್ತಿಡೀ ನನಗೆ ಸ್ಟ್ರೇಂಜರ್ ಥಿಂಗ್ಸ್ ತಲೆಗೆ ಹೋಗಲಿಲ್ಲ. ಅದನ್ನೇ ಇಲ್ಲಿ ಬರೀತಿದ್ದೀನಿ.

ನಮ್ಮೂರು ಶೇಡಬಾಳ. ಕಾಗವಾಡ ತಾಲೂಕು, ಬೆಳಗಾವಿ ಜಿಲ್ಲೆ. ಗೊತ್ತಿಲ್ಲದವರಿಗೆ: ಮಿರಜದಿಂದ ಬೆಳಗಾವಿ ಕಡೆ ರೈಲು ಹತ್ತಿದರೆ ಕರ್ನಾಟಕದೊಳಗೆ ಕಾಲಿಟ್ಟ ಕೂಡಲೇ ಸಿಗುವ ಸ್ಟೇಶನ್ನುಗಳಲ್ಲಿ ಒಂದು. ನಾವು ಮಾತಾಡೋದು ಕನ್ನಡ, ಕಬ್ಬಿನ ಹಿಸಾಬು ಮಾಡೋದು ಮರಾಠಿ ಬೆರೆಸಿದ ಕನ್ನಡದಲ್ಲಿ, ದೊಡ್ಡ ದವಾಖಾನೆಗೆ ಹೋಗೋದು ಮಿರಜಕ್ಕೆ. ಟೀವಿಯದೂ ಹಂಗೇ. ಏಳಕ್ಕೆ ಕನ್ನಡ ಸೀರಿಯಲ್ಲು, ಊಟ ಆದ ಮೇಲೆ ಮರಾಠಿ. ಬೆಂಗಳೂರಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ನಮಗೆ ಇದು ಬರೀ ರಿಮೋಟು.

ಆ ಸೀರಿಯಲ್ಲು ಝೀ ಮರಾಠಿಯ 'ರಾತ್ರೀಸ ಖೇಳ ಚಾಲೇ'. ರಾತ್ರಿ ಆಟ ನಡೀತದ ಅಂತ ಅರ್ಥ. 2016ರ ಫೆಬ್ರವರಿಯಲ್ಲಿ ಶುರುವಾಯಿತು, ಅಂದರೆ ಸ್ಟ್ರೇಂಜರ್ ಥಿಂಗ್ಸ್‌ಗಿಂತ ಐದು ತಿಂಗಳು ಮೊದಲು! ಕೊಂಕಣದ ಒಂದು ಹಳೇ ವಾಡೆ, ನಾಯಿಕ ಮನೆತನ. ಮನೆಯ ಯಜಮಾನ ಅಣ್ಣಾ ನಾಯಿಕ ಸಾಯುತ್ತಾನೆ, ಮಕ್ಕಳು ಸೊಸೆಯಂದಿರು ಒಟ್ಟಾಗುತ್ತಾರೆ, ಅಲ್ಲಿಂದ ಒಂದೊಂದೇ ಅನಾಹುತ. ಇದೆಲ್ಲ ದೆವ್ವದ ಕೆಲಸವೋ, ಮನೆಯವರದೇ ಯಾರದೋ ಕೈವಾಡವೋ? ಆ ಸೀಸನ್ನಿನ ಜೀವ ಇದ್ದದ್ದು ಈ ಒಂದು ಪ್ರಶ್ನೆಯಲ್ಲಿ. ನಾನಾಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಊರಿಗೆ ಹೋದಾಗೆಲ್ಲ ಆಯಿ (ಅಪ್ಪನ ತಾಯಿ, ನಾವು ಆಯಿ ಅಂತೀವಿ) ಹಿಂದಿನ ವಾರದ ಕತೆ ಹೇಳಿ, "ಯಾರ ಮಾಡಿರಬೇಕ ಅಂತಿ?" ಅಂತ ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಳು. ಅದರ ಮಾಲವಣಿ ಮರಾಠಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ಉಳಿದ ಅರ್ಧ ಊಹೆ. ಆದರೂ ಅವಳ ಊಹೆ ನನ್ನದಕ್ಕಿಂತ ಚುರುಕಾಗಿತ್ತು.

2019ರ ಜನವರಿಯಲ್ಲಿ ಎರಡನೇ ಸೀಸನ್ ಬಂತು. ಅದು ಹಿಂದಿನ ಕತೆ, ಅಣ್ಣಾ ಬದುಕಿದ್ದಾಗಿನದು. ಮಾಧವ ಅಭ್ಯಂಕರ ಅಣ್ಣಾನಾಗಿ, ಅಪೂರ್ವಾ ನೇಮಳೇಕರ ಅವನ ಪ್ರೇಯಸಿ ಶೇವಂತಾ ಆಗಿ. ಅಣ್ಣಾ ಕೊಲೆಗಾರ, ಹೆಂಗಸರ ಹುಚ್ಚಿನವ, ಹೆಂಡತಿ ಮಾಯಿಯನ್ನು ಕಾಲ ಕಸ ಮಾಡಿಟ್ಟವ. ಇದನ್ನು ಮುಚ್ಚಿಡದೆ ತೋರಿಸಿದರು. ನನ್ನ ತಕರಾರು ಆ ಸೀಸನ್ನಿನ ಮೇಲೆ ಇಲ್ಲವೇ ಇಲ್ಲ. ಒಬ್ಬ ಮನುಷ್ಯ, ಯಾವ ದೆವ್ವವೂ ಮೈಮೇಲೆ ಬರದೆ, ಬರೀ ದರ್ಪ ಮತ್ತು ಆಸ್ತಿಯ ಬಲದ ಮೇಲೆ ಒಂದು ಇಡೀ ಮನೆಯನ್ನು ಹೆಂಗೆ ನರಕ ಮಾಡಬಲ್ಲ ಅಂತ ತೋರಿಸಿದ್ದು ಸಣ್ಣ ಕೆಲಸ ಅಲ್ಲ.

ಆದರೆ ಜನಕ್ಕೆ ಏನು ಹಿಡಿಸಿತು? ಅಣ್ಣಾ-ಶೇವಂತಾ ಜೋಡಿ! ವಾಟ್ಸಾಪು ತುಂಬಾ ಅವರದೇ ಜೋಕು, ಅವರದೇ ಮೀಮು. ಕೊಲೆಗಾರ ಹೀರೋ ಆದ. ಮಾಯಿಯ ಮೇಲೆ ಒಂದಾದರೂ ಮೀಮು ನೋಡಿದ ನೆನಪು ನನಗಿಲ್ಲ.

ಈಗ ಬನ್ನಿ 2021ರ ಮಾರ್ಚ್ 22ಕ್ಕೆ. ಮೂರನೇ ಸೀಸನ್ನಿನ ಮೊದಲ ರಾತ್ರಿ. ನಾನು ವರ್ಕ್ ಫ್ರಮ್ ಹೋಮ್ ಅಂತ ಊರಲ್ಲೇ ಇದ್ದೆ. ಮಹಾರಾಷ್ಟ್ರದಲ್ಲಿ ಕೊರೊನಾ ಏರುತ್ತಿತ್ತು. ಆ ಕಡೆಯಿಂದ ಬರುವವರಿಗೆ ನಮ್ಮ ಸರಕಾರ ಆರ್‌ಟಿಪಿಸಿಆರ್ ರಿಪೋರ್ಟು ಕಡ್ಡಾಯ ಮಾಡಿತ್ತು, ಕಾಗವಾಡ ಚೆಕ್‌ಪೋಸ್ಟಿನಲ್ಲಿ ತಪಾಸಣೆ. ಮಿರಜದಲ್ಲಿರುವ ಸೋದರತ್ತೆ ಮನೆಗೆ ಬರಬೇಕೆಂದರೂ ಕಾಗದ ಬೇಕು. ಅಣ್ಣಾ ನಾಯಿಕನ ದೆವ್ವ ಮಾತ್ರ ಯಾವ ರಿಪೋರ್ಟೂ ಇಲ್ಲದೆ ರಾತ್ರಿ 11ಕ್ಕೆ ಸೀದಾ ನಮ್ಮ ಪಡಸಾಲೆಗೆ ಬಂತು :-)

ಹೌದು, ದೆವ್ವ. ಸತ್ತ ಅಣ್ಣಾ ದೆವ್ವವಾಗಿ ವಾಪಸು. ಜೊತೆಗೆ ಶೇವಂತಾ. ವಾಡೆ ಪಾಳು ಬಿದ್ದಿದೆ, ಮಾಯಿ ಮುದುಕಿಯಾಗಿದ್ದಾಳೆ, ಮನೆತನ ಚೂರುಚೂರು. ಆಮೇಲೆ ಆ ಮ್ಯೂಸಿಕ್ಕು, ಆ ನಗು. ಸಿನಿಮಾದಲ್ಲಿ ಹೀರೋ ಎಂಟ್ರಿ ಕೊಡ್ತಾನಲ್ಲ, ನನಗೆ ಕಂಡದ್ದು ಅದೇ. ಐದು ವರ್ಷದ ಹಿಂದೆ 'ದೆವ್ವವೋ ಮನುಷ್ಯನೋ' ಅಂತ ಕೇಳಿದ್ದ ಸೀರಿಯಲ್ಲು ಈಗ ಯಾವ ಮುಜುಗರವೂ ಇಲ್ಲದೆ 'ದೆವ್ವ, ಮತ್ತೇನು' ಅನ್ನುತ್ತಿತ್ತು.

ನಾನು ನಗುತ್ತಿದ್ದೆ. ಆಯಿ ನಗುತ್ತಿರಲಿಲ್ಲ.

"ಸತ್ತ ಮ್ಯಾಲೂ ಇವಂದ ನಡೀತೈತಿ ನೋಡ ಮನ್ಯಾಗ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬಂದ್ ಮಾಡ ತಮ್ಮಾ ಅದನ್ನ."

ಒಂದು ದಿನವೂ ತಪ್ಪಿಸದೆ ನೋಡಿದವಳು! ನಾನು ತಮಾಷೆಗೆ, "ಯಾಕ ಆಯಿ, ಅಂಜಿಕಿ ಬಂತ?" ಅಂದೆ.

"ದೆವ್ವಕ್ಕ ಯಾವಕಿ ಅಂಜತಾಳ," ಅಂದವಳು ಆಮೇಲೆ ಒಂದು ಮಾತು ಹೇಳಿದಳು. ಅದನ್ನು ಹೇಳೋಕೆ ಮುಂಚೆ ಒಂದು ಹಳೇ ಸಂಗತಿ ನಿಮಗೆ ಗೊತ್ತಿರಬೇಕು.

ನಮ್ಮ ಓಣಿಯ ಕಡೆಗೆ ಒಂದು ಬೀಗ ಹಾಕಿದ ಮನೆ ಇತ್ತು, ಹಿತ್ತಲಲ್ಲಿ ಬಾವಿ. ನಾನು ಕನ್ನಡ ಸಾಲಿಯಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ಆ ಮನೆಯ ಸೊಸೆ ಒಂದು ಮುಂಜಾನೆ ಬಾವಿಯಲ್ಲಿ ಸಿಕ್ಕಳು. ಮದುವೆಯಾಗಿ ಎರಡು ವರ್ಷ ಆಗಿತ್ತೇನೋ. ಬಾವಿಯಲ್ಲಿ ದೆವ್ವ ಐತಿ, ಅದೇ ಹೆಸರು ಹಿಡಿದು ಕರೀತು ಅಂತ ಓಣಿಯೆಲ್ಲ ಮಾತಾಡಿತು. ಕೆಲವು ದಿನಕ್ಕೆ ಆ ಮನೆಯವರು ಊರು ಬಿಟ್ಟರು. ಅಲ್ಲಿಂದ ಮುಂದೆ ನಮಗೆ ಹುಡುಗರಿಗೆ ಆ ಕಡೆ ಚೆಂಡು ಹೋದರೆ ಚೆಂಡು ಹೋದಂತೆಯೇ. ನಾನು ಇಂಜಿನಿಯರ್ ಆಗಿ, ದೇವರನ್ನೂ ದೆವ್ವವನ್ನೂ ಒಟ್ಟಿಗೆ ಬಿಟ್ಟ ಮೇಲೂ ರಾತ್ರಿ ಆ ಮನೆ ಮುಂದೆ ಗಾಡಿ ಸ್ವಲ್ಪ ಜೋರಾಗಿಯೇ ಓಡಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಟೀವಿ ಬಂದ್ ಮಾಡಿದ ಮೇಲೆ ಆಯಿ ಅಂದದ್ದು ಇದು:

"ಆ ಹುಡುಗಿ ಹಿಂದಿನ ದಿನ ಸಂಜೀಕ ನನ್ನ ಕಡೆ ಬಂದಿದ್ಲು. ತವರಮನಿಗೆ ಒಂದ ಫೋನ ಮಾಡತೀನಿ ಅಂದ್ಲು. ಕೈ ಮ್ಯಾಲ ಬಾಸುಂಡಿ ಎದ್ದಿದ್ದು. ಮನ್ಯಾಗ ಗಂಡಸರ ಕುಂತಿದ್ದರ. ನಾಳೆ ಬಾ ಯವ್ವಾ ಅಂದೆ."

ನಾನು ಸುಮ್ಮನೆ ಕೂತೆ.

"ದೆವ್ವ ಅಂದ್ರ ಯಾರೂ ಯಾರನ್ನೂ ಕೇಳೂದಿಲ್ಲ. ಅವರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ."

ಇಷ್ಟು ವರ್ಷ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಬಾವಿಯಲ್ಲಿ ದೆವ್ವ ಐತಿ ಅಂತ ನನಗೆ ಮೊದಲು ಹೇಳಿದವಳೂ ಅವಳೇ.

ಈಗ ನನ್ನ ಸಿಟ್ಟು ಯಾಕೆ ಅಂತ ನಿಮಗೆ ಗೊತ್ತಾಗಿರಬಹುದು. ದೆವ್ವ ಅನ್ನೋದು ಉತ್ತರದ ವೇಷದಲ್ಲಿ ಬರುತ್ತದೆ, ಆದರೆ ಅದು ಮಾಡುವ ಕೆಲಸ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವುದು. ನನ್ನ ಕೆಲಸದ ಭಾಷೆಯಲ್ಲಿ ಹೇಳ್ತೀನಿ. ಒಂದು ಪ್ರಾಜೆಕ್ಟಿನಲ್ಲಿ ನಮ್ಮ ಸರ್ವರು ದಿನಾ ರಾತ್ರಿ ಎರಡಕ್ಕೆ ಕುಸಿದು ಬೀಳುತ್ತಿತ್ತು. ಎಲ್ಲರೂ 'ದೆವ್ವ ಹೊಕ್ಕಿದೆ' ಅಂತ ನಗಾಡಿ ರೀಸ್ಟಾರ್ಟ್ ಮಾಡಿ ಮಲಗುತ್ತಿದ್ದೆವು. ಮೂರು ವಾರ ಆದ ಮೇಲೆ ಒಬ್ಬಳು ಹೊಸ ಹುಡುಗಿ ಲಾಗ್ ತೆಗೆದು ಕೂತಳು. ಎರಡು ಬ್ಯಾಕಪ್ ಕೆಲಸಗಳು ಒಂದೇ ಹೊತ್ತಿಗೆ ಓಡುವಂತೆ ಯಾರೋ ಹಾಕಿದ್ದರು. ಆ ಯಾರೋ ನಾನೇ! ದೆವ್ವದ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ. ಲಾಗ್ ನೋಡುವ ತನಕ ದೆವ್ವ ಎಲ್ಲರಿಗೂ ಅನುಕೂಲ, ತಪ್ಪು ಮಾಡಿದವನಿಗೆ ಇನ್ನೂ ಅನುಕೂಲ.

ಮಿಸ್ಟರಿ ಕತೆ ಅಂದರೆ ಲಾಗ್ ನೋಡುವ ಕೆಲಸ. ಅದಕ್ಕೇ ನಮಗೆ ಅದು ಇಷ್ಟ. ಜಗತ್ತಿನಲ್ಲಿ ಆದದ್ದಕ್ಕೆಲ್ಲ ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಅನ್ನುವ ಭರವಸೆ ಅದು ಕೊಡುತ್ತದೆ. ಪ್ರಶ್ನೆ ಎತ್ತಿದವನು ನೋಡುವವರ ಹತ್ತಿರ ಸಾಲ ತೆಗೆದುಕೊಂಡ ಹಾಗೆ. ಕೊನೆಯ ಸೀಸನ್ನಿನ ಮೊದಲ ಕಂತು ಅಂದರೆ ಸಾಲ ತೀರಿಸೋಕೆ ಕೂತ ದಿನ. ಆವತ್ತು ಅವನು ಹಳೇ ಖಾತೆ ಪುಸ್ತಕ ತೆಗೀತಾನೋ, ಹೊಸ ಸಾಲ ಕೇಳ್ತಾನೋ ಅನ್ನೋದರಲ್ಲೇ ಅವನ ನಿಯತ್ತು ಗೊತ್ತಾಗುತ್ತದೆ.

'ಲಾಸ್ಟ್' ಅನ್ನೋ ಅಮೆರಿಕದ ಸೀರಿಯಲ್ಲು ಕೇಳಿರ್ತೀರಿ. ನಾನು ಹಾಸ್ಟೆಲ್ಲಿನಲ್ಲಿ ಪೆನ್‌ಡ್ರೈವಿನಲ್ಲಿ ನೋಡಿದ್ದು. ವಿಮಾನ ದ್ವೀಪದಲ್ಲಿ ಬೀಳುತ್ತದೆ, ಕಪ್ಪು ಹೊಗೆಯೊಂದು ಜನರನ್ನು ಕೊಲ್ಲುತ್ತದೆ, ಪ್ರಶ್ನೆಗಳ ಮೇಲೆ ಪ್ರಶ್ನೆ. ಎಳೆಯುತ್ತಿದ್ದಾರೆ ಅಂತ ಜನ ಗೊಣಗತೊಡಗಿದಾಗ, 2007ರ ಮೇ ತಿಂಗಳಲ್ಲಿ ಏಬಿಸಿ ಚಾನೆಲ್ಲು ಬಹಿರಂಗವಾಗಿ ಹೇಳಿತು: ಇನ್ನು ಮೂರು ಸೀಸನ್, 48 ಕಂತು, 2010ಕ್ಕೆ ಮುಗಿಸ್ತೀವಿ. ಜನಪ್ರಿಯ ಸೀರಿಯಲ್ಲಿಗೆ ಮೂರು ವರ್ಷ ಮೊದಲೇ ಸಾವಿನ ದಿನ ಗೊತ್ತುಮಾಡಿದರು! ಕೊನೆಯ ಸೀಸನ್ 2010ರ ಫೆಬ್ರವರಿ 2ಕ್ಕೆ ಶುರು. ಅಧ್ಯಕ್ಷ ಒಬಾಮಾರ ವಾರ್ಷಿಕ ಭಾಷಣ ಅದೇ ದಿನ ಬಂದುಬಿಟ್ಟರೆ ಅಂತ ಅಭಿಮಾನಿಗಳು ಗಲಾಟೆ ಎಬ್ಬಿಸಿ, ಶ್ವೇತಭವನದ ವಕ್ತಾರರೇ ಹಾಗಾಗಲ್ಲ ಅಂತ ಸಮಾಧಾನ ಹೇಳಬೇಕಾಯಿತು. ಆ ಮೊದಲ ಕಂತು ಏನು ಮಾಡಿತು? ಬೀಳಬೇಕಿದ್ದ ವಿಮಾನ ಬೀಳದೆ ಲಾಸ್ ಏಂಜಲಿಸಿನಲ್ಲಿ ಇಳಿಯಿತು. ಅದು ಹೊಸ ಸಾಲ, ಒಪ್ಪುತ್ತೇನೆ. ಆದರೆ ಸತ್ತ ಲಾಕ್‌ನ ಮುಖ ಹೊತ್ತು ತಿರುಗುತ್ತಿದ್ದವನೇ ಆ ಕಪ್ಪು ಹೊಗೆ ಅಂತ ಅದೇ ರಾತ್ರಿ ತೋರಿಸಿ ಹಳೇ ಬಾಕಿಯಲ್ಲೂ ಒಂದು ಕಂತು ಕಟ್ಟಿದರು. ಕೊನೆಗೆ ಲೆಕ್ಕ ಪೂರ್ತಿ ಚುಕ್ತಾ ಆಗಲಿಲ್ಲ ಅಂತ ಜನ ಇವತ್ತಿಗೂ ಜಗಳ ಆಡ್ತಾರೆ. ಆಡಲಿ. ಲೆಕ್ಕ ಇದೆ ಅಂತ ಒಪ್ಪಿಕೊಂಡವರ ಜೊತೆ ಮಾತ್ರ ಅಂಥ ಜಗಳ ಸಾಧ್ಯ.

ನಮ್ಮ ಕಡೆ? ನಮ್ಮ ಸೀರಿಯಲ್ಲುಗಳಿಗೆ ಕೊನೆಯ ದಿನ ಮೊದಲೇ ಗೊತ್ತಿರೋದೇ ಅಪರೂಪ. ಟಿಆರ್‌ಪಿ ಇರುವ ತನಕ ಬಸುರಿ ಬಸುರಿಯಾಗೇ ಇರ್ತಾಳೆ, ಟಿಆರ್‌ಪಿ ಬಿದ್ದ ವಾರ ಅವಸರದಲ್ಲಿ ಹಡೆದು ಎಲ್ಲರೂ ಗ್ರೂಪ್ ಫೋಟೋಕ್ಕೆ ನಿಲ್ತಾರೆ. ಕೆಲವಕ್ಕೆ ಅದೂ ಇಲ್ಲ. ಟಿ. ಎನ್. ಸೀತಾರಾಂ ಅವರ 'ಮಗಳು ಜಾನಕಿ' 2018ರಲ್ಲಿ ಶುರುವಾಗಿ 2020ರ ಲಾಕ್‌ಡೌನಿನಲ್ಲಿ ಅರ್ಧಕ್ಕೇ ನಿಂತುಹೋಯಿತು, ಅದಕ್ಕೆ ಅವರನ್ನು ದೂರುವಂತಿಲ್ಲ. ಹಿಂದೆ ಹಿಂಗಿರಲಿಲ್ಲ. 1990ರ ಹೊತ್ತಿಗೆ ಸದಾನಂದ ಸುವರ್ಣರು ದೂರದರ್ಶನಕ್ಕೆ ಮಾಡಿದ 'ಗುಡ್ಡದ ಭೂತ', ಆಗಿನ್ನೂ ಹೊಸಬರಾಗಿದ್ದ ಪ್ರಕಾಶ್ ರೈ ಇದ್ದದ್ದು, ಕೆಲವೇ ವಾರ ಬಂದು ಹೋಯಿತು. ಅಪ್ಪ ಇವತ್ತಿಗೂ ಅದರ ಹೆಸರೆತ್ತಿದರೆ ಕುರ್ಚಿಯಲ್ಲಿ ನೆಟ್ಟಗೆ ಕೂರ್ತಾರೆ. ಸಾವಿರ ಕಂತು ಎಳೆದ ಎಷ್ಟು ಸೀರಿಯಲ್ಲು ನಿಮಗೆ ನೆನಪಿದಾವೆ, ನೀವೇ ಹೇಳಿ.

ಈಗ ನನ್ನ ಮೇಲೆ ಬೀಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ.

"ಅಯ್ಯೋ, ಬರೀ ಮನರಂಜನೆ ಮಾರಾಯಾ, ಯಾಕಿಷ್ಟು ತಲೆ ಕೆಡಿಸ್ಕೋತಿ?" ಮನರಂಜನೆ ಅಂದರೆ ಏನು ಬೇಕಾದರೂ ನಡೆಯುತ್ತೆ ಅನ್ನೋದಾದರೆ ಕ್ರಿಕೆಟ್ಟಿನಲ್ಲಿ ಅಂಪೈರು ಯಾಕೆ ಬೇಕು? ಕೊನೇ ಓವರಿನಲ್ಲಿ ನಿಯಮ ಬದಲಿಸಿದರೆ ನೀವು ಸುಮ್ಮನೆ ಕೂರ್ತೀರಾ?

"ಸ್ಟ್ರೇಂಜರ್ ಥಿಂಗ್ಸ್‌ನಲ್ಲೂ ರಾಕ್ಷಸ ಇದೆಯಲ್ಲ, ಅದು ನಡೆಯುತ್ತಾ?" ಒಳ್ಳೇ ಪ್ರಶ್ನೆ. ನಡೆಯುತ್ತೆ. ಅದರ ಮೊದಲ ಕಂತಿನ ಮೊದಲ ದೃಶ್ಯದಲ್ಲೇ ಲ್ಯಾಬಿನಿಂದ ಓಡುವ ವಿಜ್ಞಾನಿಯೊಬ್ಬನನ್ನು ಲಿಫ್ಟಿನೊಳಗೆ ಏನೋ ಒಂದು ಮೇಲಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಕತೆಯಲ್ಲಿ ರಾಕ್ಷಸ ಇದಾನಪ್ಪಾ ಅಂತ ಮೊದಲ ದಿನವೇ ಹೇಳಿಬಿಟ್ಟರು. ಜೊತೆಗೆ ಆ ರಾಕ್ಷಸ ಇದ್ದ ಮಾತ್ರಕ್ಕೆ ಅಲ್ಲಿ ಮನುಷ್ಯರ ತಪ್ಪು ಮಾಫಿ ಆಗೋದಿಲ್ಲ, ಮಕ್ಕಳ ಮೇಲೆ ಪ್ರಯೋಗ ಮಾಡಿದ ಲ್ಯಾಬಿನವರು ತಪ್ಪಿತಸ್ಥರಾಗೇ ಉಳೀತಾರೆ. ನನ್ನ ಜಗಳ ದೆವ್ವದ ಕತೆಯ ಜೊತೆ ಅಲ್ಲ. ಅಜ್ಜಿ ಹೇಳುವ ದೆವ್ವದ ಕತೆ ನನಗೂ ಬೇಕು. 'ಯಾರು ಮಾಡಿದ್ದು' ಅಂತ ಕೇಳಿ ಕೂರಿಸಿಕೊಂಡು, ಮಾಡಿದವನು ಯಾರು ಅಂತ ಎರಡನೇ ಸೀಸನ್ನಿನಲ್ಲಿ ಅವನ ರಕ್ತಮಾಂಸ ಸಮೇತ ತೋರಿಸಿ, ಮೂರನೆಯದರಲ್ಲಿ ಅವನನ್ನೇ ಪೊಲೀಸು-ಕೋರ್ಟು ಮುಟ್ಟಲಾಗದ ದೆವ್ವ ಮಾಡಿ ಸಿಂಹಾಸನದ ಮೇಲೆ ಕೂರಿಸಿದ್ದು ನನ್ನ ಜಗಳ. ದೆವ್ವಕ್ಕೆ ಜೈಲು ಇಲ್ಲ, ಪಶ್ಚಾತ್ತಾಪ ಇಲ್ಲ, ವಯಸ್ಸೂ ಇಲ್ಲ. ಮಾಯಿಗೆ ಮಾತ್ರ ವಯಸ್ಸಾಯಿತು.

"ಹಂಗಾದರೆ ಬ್ಯಾನ್ ಮಾಡಿಸ್ತೀಯಾ?" ಇಲ್ಲ ಸ್ವಾಮಿ. ಬ್ಯಾನ್ ಅಂದರೆ ನನಗೆ ಅಲರ್ಜಿ. ಮೌಢ್ಯದ ವಿರುದ್ಧ ಕಾನೂನುಗಳು ಇದಾವೆ. 2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಳಕರ ಅವರನ್ನು ಗುಂಡಿಟ್ಟು ಕೊಂದ ಮೇಲೆ ಮಹಾರಾಷ್ಟ್ರದಲ್ಲಿ ಬಂತು, ನಮ್ಮಲ್ಲಿ 2017ರಲ್ಲಿ ಬಂತು. ದೆವ್ವ ಬಿಡಿಸ್ತೀನಿ ಅಂತ ಹೊಡೆಯುವವನನ್ನು ಅವು ಹಿಡಿಯಬಹುದು. ಆದರೆ ಸೊಸೆಯ ಸಾವಿಗೆ ದೆವ್ವದ ಹೆಸರು ಕೊಟ್ಟು ಮನೆಗೆ ಹೋಗಿ ಊಟ ಮಾಡುವ ಓಣಿಯನ್ನು ಯಾವ ಕಾನೂನು ಹಿಡಿಯುತ್ತೆ? ಅದನ್ನು ಹಿಡಿಯಬೇಕಾದದ್ದು ಕತೆ. ರಾತ್ರಿ 11ಕ್ಕೆ ಪಡಸಾಲೆಗೆ ಬರುವ ಕತೆ. ಅಷ್ಟು ಒಳಗೆ ಬರುವ ಅವಕಾಶ ಕಾನೂನಿಗೆ ಎಲ್ಲಿದೆ?

ಮೂರನೇ ಸೀಸನ್ನಿನ ಮುಂದಿನ ಕತೆ ಚುಟುಕಾಗಿ: ಶುರುವಾದ ಸ್ವಲ್ಪ ದಿನಕ್ಕೇ ಮಹಾರಾಷ್ಟ್ರದಲ್ಲಿ ಶೂಟಿಂಗ್ ಬಂದಾಗಿ ಸೀರಿಯಲ್ಲು ನಿಂತಿತು, ಆಗಸ್ಟ್‌ನಲ್ಲಿ ಮತ್ತೆ ಬಂತು. ನಡುವೆ ಶೇವಂತಾ ಪಾತ್ರದವರು ಬಿಟ್ಟು ಹೋಗಿ ಕೃತಿಕಾ ತುಳಸಕರ ಬಂದರು. 2022ರಲ್ಲಿ ಮುಗಿಯಿತು. ಹೊಸ ಕಂತುಗಳ ಮಟ್ಟಿಗೆ ಈವರೆಗೆ ಅದೇ ಕೊನೆಯದು. ನಮ್ಮ ಮನೆಯಲ್ಲಿ ಅದು ಮಾರ್ಚ್ 22ರ ರಾತ್ರಿಯೇ ಮುಗಿದಿತ್ತು. ಆಯಿ ಆಮೇಲೆ ಆ ಚಾನೆಲ್ಲಿಗೆ ಹಾಡಿನ ಕಾರ್ಯಕ್ರಮಕ್ಕೆ ಮಾತ್ರ ಹೋಗುತ್ತಿದ್ದಳು.

ಕತೆ ಬರೆಯುವವರಿಗೆ ನನ್ನ ಬೇಡಿಕೆ ದೊಡ್ಡದೇನಿಲ್ಲ. ಪ್ರಶ್ನೆ ಎತ್ತುವ ದಿನವೇ ಉತ್ತರ ನಿಮಗೆ ಗೊತ್ತಿರಲಿ. ಯಾವಾಗ ಮುಗಿಸ್ತೀರಿ ಅಂತ ಹೇಳಿ, ನಾವು ಕಾಯ್ತೀವಿ. ಬೆಳಿಗ್ಗೆ ಆರೂವರೆಗೆ ಸ್ನಾನ ಮಾಡದೆ ಕೂರುವವರು ನಾವು, ನಮ್ಮ ತಾಳ್ಮೆ ಬಗ್ಗೆ ಸಂಶಯ ಬೇಡ. ಮನುಷ್ಯ ಮಾಡಿದ ಪಾಪವನ್ನು ದಯವಿಟ್ಟು ಮನುಷ್ಯನ ಖಾತೆಯಲ್ಲೇ ಬರೆಯಿರಿ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಆ ಮನೆಯನ್ನು ಯಾರೋ ಕೊಂಡು ಕೆಡವಿದ್ದಾರೆ, ಬಾವಿ ಮುಚ್ಚಿ ಟ್ರ್ಯಾಕ್ಟರ್ ನಿಲ್ಲಿಸೋಕೆ ಶೆಡ್ಡು ಹಾಕಿದ್ದಾರೆ. ಹುಡುಗರು ಅಲ್ಲೇ ಕ್ರಿಕೆಟ್ ಆಡ್ತಿದ್ದರು. ಒಬ್ಬ ನನಗೆ ಹೇಳಿದ, "ಕಾಕಾ, ಇಲ್ಲೊಂದ ದೆವ್ವ ಇತ್ತಂತ, ಖರೇನ?"

"ಇಲ್ಲ," ಅಂದೆ. "ಒಬ್ಬಾಕಿ ಹುಡುಗಿ ಇದ್ಲು."

ಅವನಿಗೆ ಅದು ಅಷ್ಟು ಮಜಾ ಅನ್ನಿಸಲಿಲ್ಲ, ಬೌಲಿಂಗ್ ಮಾಡೋಕೆ ಓಡಿದ. ಆಯಿ ಕಟ್ಟೆ ಮೇಲೆ ಕೂತು ಕೇಳಿಸಿಕೊಂಡಿದ್ದಳು. ಆ ಹುಡುಗನನ್ನು ಕೂಗಿ ಕರೆದು, ಅವಳ ಹೆಸರು ಏನಿತ್ತು ಅಂತ ಹೇಳಿದಳು. ಇಪ್ಪತ್ತು ವರ್ಷದಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು.

ಬೈಯೋರು ಧಾರಾಳವಾಗಿ ಬೈಯಬಹುದು. ಅಣ್ಣಾ-ಶೇವಂತಾ ಮೀಮು ಮಾತ್ರ ಕಳಿಸಬೇಡಿ.